ರಂಗನತಿಟ್ಟೋ, ಕೊಕ್ಕರೆಬೆಳ್ಳೂರೋ?

ಬೆಂಗಳೂರು–ಮೈಸೂರು ದಾರಿಯಲ್ಲಿ ಹಕ್ಕಿ ನೋಡಲು ಈ ಎರಡರಲ್ಲಿ ಒಂದೇ ಕಡೆ ಇಳಿಯುವಷ್ಟು ಸಮಯವಿದ್ದರೆ, ಮೊದಲು ತಿಂಗಳು ನೋಡಿ.

ಫೆಬ್ರವರಿ–ಮಾರ್ಚ್ ಆದರೆ ಕೊಕ್ಕರೆಬೆಳ್ಳೂರನ್ನು ಬಿಡಬೇಡಿ. ಮದ್ದೂರು ತಾಲ್ಲೂಕಿನ ಈ ಊರಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆ, ಆಲದ ಮರಗಳ ನೆತ್ತಿಯಲ್ಲೇ ಗೂಡು ಕಟ್ಟುತ್ತವೆ. ದೋಣಿ ಇಲ್ಲ, ಬೀದಿಯಲ್ಲಿ ನಡೆದೇ ನೋಡಬೇಕು. ಟೋಪಿ ಮರೆಯಬೇಡಿ, ಮೇಲಿಂದ ಹಿಕ್ಕೆ ಬೀಳುತ್ತದೆ. ಫೋಟೋದಲ್ಲಿ ಹಕ್ಕಿ ಕಪ್ಪಗೆ ಬರುವುದಕ್ಕೆ ಕಾರಣ ಹಿಂದಿನ ಬಿಳಿ ಆಕಾಶ. ಕ್ಯಾಮೆರಾದಲ್ಲಿ ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿ, ಅಂದರೆ ಬೆಳಕು ಎರಡು ಪಟ್ಟು ಮಾಡಿ. ಮಳೆಗಾಲದಲ್ಲಿ ಹೋದರೆ ಖಾಲಿ ಮರ ನೋಡಿ ಬರಬೇಕಾದೀತು.

ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಲ್ಲಿ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ಕಾವೇರಿಯ ನಡುಗಡ್ಡೆಗಳ ಸುತ್ತ ಅಂಬಿಗರು ಹುಟ್ಟು ಹಾಕುತ್ತಾ ಕರೆದೊಯ್ಯುತ್ತಾರೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಇಲ್ಲಿನ ಹೆಚ್ಚುವರಿ ಲಾಭ. ಗೂಡುಗಳು ಹತ್ತಿರವೇ ಇರುವುದರಿಂದ 300 ಎಂಎಂ ಲೆನ್ಸ್ ಧಾರಾಳ ಸಾಕು. ದೋಣಿ ಅಲುಗುತ್ತದೆ, ಟ್ರೈಪಾಡ್ ಬೇಡ, ಶಟರ್ ವೇಗ ಹೆಚ್ಚಿಡಿ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ದೋಣಿವಿಹಾರ ನಿಲ್ಲಿಸುತ್ತಾರೆ. ಜುಲೈ–ಆಗಸ್ಟ್‌ನಲ್ಲಿ ವಿಚಾರಿಸದೆ ಹೊರಡಬೇಡಿ. ಭಾನುವಾರ ಸರದಿ ಉದ್ದ, ಬೆಳಿಗ್ಗೆ ಬೇಗ ತಲುಪಿದರೆ ಬೆಳಕೂ ಚೆನ್ನ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನಮ್ಮ ಮತ ರಂಗನತಿಟ್ಟಿಗೆ: ನೆರಳು, ಶೌಚಾಲಯ, ಕೂರಲು ಜಾಗ ಎಲ್ಲವೂ ಇದೆ.