ಹಾಲಿನ ಕ್ಯಾನು, ಖಾನಾಪುರದ ಮಡಕೆ, ಖಾಕಿ ಅಂಗಿಯ ಬಾಟಲಿ: ಮೂರು ವರ್ಷ ಬಳಸಿದ ಮೇಲೆ

2022ರ ಬೇಸಿಗೆಯಲ್ಲಿ ಅವ್ವ ಮಲ್ಲಿಗೆ ಬಳ್ಳಿ ಹಚ್ಚಲು ಒಂದು ಕುಂಡ ಬೇಕು ಅಂದಳು. ತಳ ಸೋರುತ್ತಿದ್ದ 20 ಲೀಟರಿನ ಪ್ಲಾಸ್ಟಿಕ್ ಕ್ಯಾನು ಒಂದು ಮೂಲೆಯಲ್ಲಿ ಬಿದ್ದಿತ್ತು. ಗರಗಸ ತಗೊಂಡು ಅದನ್ನು ಅಡ್ಡ ಕೊಯ್ದೆ. ಒಳಗೆ ಬಾಯಿಯ ಕೆಳಗೆ, ಹೆಗಲಿನ ಸುತ್ತ, ಒಂದು ಹಸಿರು ಗೆರೆ. ತಳದಲ್ಲಿ ಬೆರಳಿಟ್ಟರೆ ಜಾರಿತು. ಉಗುರಿನಿಂದ ಕೆರೆದೆ, ಬೆಣ್ಣೆಯ ಹಾಗೆ ಲೋಳೆ ಎದ್ದು ಬಂತು. "ಇದ್ರಾಗಿನ ನೀರ ಕುಡಿತಿದ್ವೇನಪಾ ನಾವು?" ಅಂತ ಅವ್ವ ಕೇಳಿದಳು. ಐದು ವರ್ಷ ಕುಡಿದಿದ್ದೆವು.

ನಾವೇನು ತೊಳೆಯದೆ ಬಿಟ್ಟವರಲ್ಲ. ಪ್ರತಿ ಸಲ ನೀರು, ಒಂದು ಹಿಡಿ ಅಕ್ಕಿ ಹಾಕಿ ಕುಲುಕಿ ಚೆಲ್ಲುತ್ತಿದ್ದೆವು. ಆದರೆ ಆ ಬಾಯಿಯಲ್ಲಿ ಮೂರು ಬೆರಳು ಹೋಗುತ್ತಿದ್ದವು, ಕೈ ಹೋಗುತ್ತಿರಲಿಲ್ಲ. ನನ್ನ ಹೆಂಡತಿ ಅವತ್ತೇ ಹೇಳಿದಳು: "ರೀ, ಕೈ ಹೋಗಲಾರದ ಪಾತ್ರಿ ಇನ್ ಮ್ಯಾಲೆ ಕುಡಿಯೋ ನೀರಿಗೆ ಬ್ಯಾಡ." ಕುಡಿಯುವ ನೀರಿಗೆ ಪ್ಲಾಸ್ಟಿಕ್ ಬಿಟ್ಟು ಮೂರು ವರ್ಷದಲ್ಲಿ ತಾಮ್ರ, ಮಣ್ಣು, ಸ್ಟೀಲು, ಗಾಜು ಎಲ್ಲ ಬಳಸಿ ನೋಡಿದೆ. ಯಾವ ಲೋಹ ಒಳ್ಳೇದು ಅಂತ ತುಂಬ ಜನ ಕೇಳುತ್ತಾರೆ. ಕೈ ಒಳಗೆ ಹೋಗುತ್ತದೋ ಇಲ್ಲವೋ ಅಂತ ಮೊದಲು ಕೇಳಿ ಅನ್ನುತ್ತೇನೆ ನಾನು.

ನಮ್ಮ ಮನೆ ಗದಗಿನ ಬೆಟಗೇರಿಯಲ್ಲಿ. ಕಂಡಕ್ಟರ್ ಕೆಲಸ, ಗದಗ–ಹುಬ್ಬಳ್ಳಿ ಬಸ್ಸಿನಲ್ಲೇ ಜಾಸ್ತಿ ಡ್ಯೂಟಿ. ಮನೆಯಲ್ಲಿ ಐದು ಜನ. ನಳದ ನೀರು ತುಂಗಭದ್ರೆಯದ್ದು, ಹಮ್ಮಿಗಿ ಕಡೆಯಿಂದ ಬರುತ್ತದೆ. ನಮ್ಮ ಓಣಿಗೆ ಬರುವುದು ಎಂಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ಕುಡಿಯಲು, ಅಡುಗೆಗೆ ದಿನಕ್ಕೆ 15ರಿಂದ 20 ಲೀಟರ್ ಬೇಕು. ಅಂದರೆ ಒಂದು ಬಾಟಲಿ ಬದಲಿಸಿದರೆ ಮುಗಿಯುವ ಮಾತಲ್ಲ. ಎಂಟು ದಿನದ ನೀರು ಇಡಲು ಒಂದು, ದಿನದ ನೀರು ತಣ್ಣಗಿಡಲು ಒಂದು, ಹೊತ್ತು ತರಲು ಒಂದು, ಡ್ಯೂಟಿಗೆ ಒಯ್ಯಲು ಒಂದು. ಪ್ಲಾಸ್ಟಿಕ್ ಈ ನಾಲ್ಕೂ ಕೆಲಸ ಮಾಡುತ್ತಿತ್ತು. ಅದರ ಜಾಗಕ್ಕೆ ಒಂದೇ ಪಾತ್ರೆ ಹುಡುಕಿ ಮೊದಲ ಆರು ತಿಂಗಳು ಸುಮ್ನೆ ಕಳೆದೆ.

ಮೊದಲು ಇಡುವ ನೀರು. 50 ಲೀಟರಿನ ಎರಡು ಸ್ಟೀಲ್ ಡ್ರಮ್ಮು ಇವೆ, ಬೇರೆ ಬೇರೆ ವರ್ಷ ತಗೊಂಡದ್ದು. ಮೊದಲನೆಯದನ್ನು ಕೊಳ್ಳುವಾಗ ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸಿದರು, ಅಂಟಲಿಲ್ಲ, ನಾನು ನಂಬಿದೆ. ಎಂಟೇ ತಿಂಗಳಲ್ಲಿ ತಳದ ಬೆಸುಗೆಯ ಸುತ್ತ ಕಂದು ಚುಕ್ಕೆ. ಆಮೇಲೆ ತಿಳಿಯಿತು: ಕಡಿಮೆ ದರದ 202 ಸ್ಟೀಲಿಗೂ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ, 304 ಸ್ಟೀಲಿಗೂ ಅಂಟುವುದಿಲ್ಲ. 304ರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ, ತುಕ್ಕು ತಡೆಯುವುದು ಅದರಿಂದ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸುತ್ತಾರೆ. ಕಣ್ಣಿಗೆ ಎರಡೂ ಒಂದೇ. ಪಾತ್ರೆಯ ಮೇಲೆ 304 ಅಂತ ಒತ್ತಿದ್ದು, ಬಿಲ್ಲಿನಲ್ಲೂ ಅದನ್ನೇ ಬರೆದುಕೊಟ್ಟಿದ್ದನ್ನು ತಗೊಳ್ಳಿ.

ತಪ್ಪು ಪೂರ್ತಿ ಡ್ರಮ್ಮಿನದೂ ಅಲ್ಲ. ಸ್ವಚ್ಛ ಆಗಲಿ ಅಂತ ನಾನು ಬ್ಲೀಚಿಂಗ್ ಪೌಡರ್ ಗಟ್ಟಿಯಾಗಿ ಕಲಸಿ ಒಂದು ರಾತ್ರಿ ಹಾಗೇ ಬಿಟ್ಟಿದ್ದೆ. ಅದರಲ್ಲೂ ಉಪ್ಪಿನಲ್ಲೂ ಇರುವ ಕ್ಲೋರೈಡು ಸ್ಟೀಲಿನ ವೈರಿ, ಸಣ್ಣ ಸಣ್ಣ ಕುಳಿ ತಿನ್ನುತ್ತದೆ. ಉಪ್ಪಿನ ನೀರನ್ನೂ ಸ್ಟೀಲಿನಲ್ಲಿ ಬಿಡಬಾರದು. ಎರಡನೆಯ ಡ್ರಮ್ಮಿಗೆ ಬರೀ ತೆಂಗಿನ ನಾರು, ಪಾತ್ರೆ ತೊಳೆಯುವ ಪುಡಿ, ಬಿಸಿಲು. ಎರಡು ವರ್ಷ ಆಯಿತು, ಒಂದು ಚುಕ್ಕೆ ಇಲ್ಲ. ದರ ಮಾತ್ರ ಮೊದಲನೆಯದಕ್ಕಿಂತ 1,200 ರೂಪಾಯಿ ಜಾಸ್ತಿ.

ಇಲ್ಲಿ ಸೊಳ್ಳೆಯ ಮಾತು ಹೇಳಲೇಬೇಕು. ಒಂದು ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದರು. ಬಳಕೆಯ ನೀರಿನ ನೀಲಿ ಬ್ಯಾರಲ್ಲಿಗೆ ಟಾರ್ಚ್ ಹಿಡಿದು, "ಅಣ್ಣಾರ, ಇಲ್ಲಿ ಬಂದ್ ನೋಡ್ರಿ" ಅಂದರು. ಬೆಳಕು ಬಿದ್ದ ಕೂಡಲೇ ದಾರದ ತುಂಡಿನಂಥವು ಡೊಂಕಾಗಿ ಡೊಂಕಾಗಿ ಕೆಳಗೆ ಇಳಿದವು. ಡೆಂಗಿ ಹರಡುವ ಸೊಳ್ಳೆ ತತ್ತಿ ಇಡುವುದು ನೀರಿನಂಚಿನ ಗೋಡೆಗೆ. ನೀರು ಚೆಲ್ಲಿದರೆ ತತ್ತಿ ಹೋಗುವುದಿಲ್ಲ, ಒಣಗಿಯೂ ತಿಂಗಳುಗಟ್ಟಲೆ ಉಳಿಯುತ್ತದೆ, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ತತ್ತಿಯಿಂದ ಸೊಳ್ಳೆ ಆಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ನಮಗೆ ನಳ ಬರುವುದೂ ಎಂಟು ದಿನಕ್ಕೆ! ಹಾಗಾಗಿ ಪ್ರತಿ ಸಲ ತುಂಬುವ ಮುಂಚೆ ಒಳಗೋಡೆಯನ್ನು ತಿಕ್ಕಲೇಬೇಕು. ತಿಕ್ಕಬೇಕು ಅಂದರೆ ಕೈ ಹೋಗಬೇಕು. ನೀರು ಎಂಟು ದಿನಕ್ಕೆ ಬರುವ ಊರಲ್ಲಿ ಪಾತ್ರೆಯ ಬಾಯಿ ಎಷ್ಟು ದೊಡ್ಡದು ಅನ್ನುವುದು ಸಣ್ಣ ವಿಷಯ ಅಲ್ಲ.

ನಳ ತಡವಾದರೆ ಶುದ್ಧ ನೀರಿನ ಘಟಕದಿಂದ ಬೈಕಿನಲ್ಲಿ ತರಬೇಕು. ಇದಕ್ಕೆ ಪ್ಲಾಸ್ಟಿಕ್ ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕೊಡ ಬೈಕಿನ ಮೇಲೆ ನಿಲ್ಲದು, ತುಳುಕುತ್ತದೆ. ಕೊನೆಗೆ ದಾರಿ ಸಿಕ್ಕಿದ್ದು ಡೇರಿಯ ಮುಂದೆ. ಹಾಲು ಹಾಕುವವರು ತರುತ್ತಾರಲ್ಲ, ಸ್ಟೀಲಿನ ಕ್ಯಾನು, ಅದೇ. ಬಾಯಿ ಅಗಲ, ಮೊಣಕೈವರೆಗೆ ಕೈ ಹೋಗುತ್ತದೆ. ಮುಚ್ಚಳ ಒತ್ತಿ ಕೂರುತ್ತದೆ, ಎರಡು ಕಡೆ ಗಟ್ಟಿ ಹಿಡಿಕೆ. ಹಾಲನ್ನು ಹಳ್ಳಿ ದಾರಿಯಲ್ಲಿ ಬೈಕಿನ ಮೇಲೆ ತರಲೆಂದೇ ಮಾಡಿದ ಪಾತ್ರೆ ಅದು, ನೀರಿಗೆ ಯಾಕೆ ಆಗಬಾರದು? 20 ಲೀಟರಿನ ಹೊಸ ಕ್ಯಾನು ಎರಡು ತಗೊಂಡೆ. ಹಳೆಯದು ಕಡಿಮೆಗೆ ಸಿಗುತ್ತಿತ್ತು, ಆದರೆ ಹಾಲಿನ ವಾಸನೆ ಮುಚ್ಚಳದ ರಬ್ಬರ್ ರಿಂಗಿನಲ್ಲಿ ಉಳಿದಿರುತ್ತದೆ. ಅಲ್ಯೂಮಿನಿಯಂ ಕ್ಯಾನು ಹಗುರ, ಆದರೆ ಸ್ಟೀಲೇ ಇರಲಿ ಅನ್ನಿಸಿತು.

ಕೊರತೆ ಒಂದೇ, ತೂಕ. ಖಾಲಿ ಕ್ಯಾನೇ ನಾಲ್ಕು ಕಿಲೋ ಮೇಲಿದೆ, ತುಂಬಿದರೆ 24ರ ಮೇಲೆ. ಅವ್ವನಿಗೆ ಎತ್ತಲು ಆಗುವುದಿಲ್ಲ. ನಾನು ಡ್ಯೂಟಿಯಲ್ಲಿದ್ದ ದಿನ ಹೆಂಡತಿ ಅರ್ಧ ಅರ್ಧ ತುಂಬಿಸಿ ಎರಡು ಸಲ ತರುತ್ತಾಳೆ. ವಯಸ್ಸಾದವರಷ್ಟೇ ಇರುವ ಮನೆಗೆ ಇದನ್ನು ಹೇಳಲಾರೆ. 10 ಲೀಟರಿನ ಕ್ಯಾನು ಸಿಗುತ್ತದೆ, ಅದನ್ನೇ ತಗೊಳ್ಳಿ.

ಇನ್ನು ಮಡಕೆ. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಇಷ್ಟ. ನಮ್ಮದು ಖಾನಾಪುರದ್ದು. ಅಲ್ಲಿಯ ಮಣ್ಣಿಗೆ ಹೆಸರಿದೆ, ಕುಂಬಾರಿಕೆ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆಯೂ ಖಾನಾಪುರದಲ್ಲಿದೆ. 380 ರೂಪಾಯಿ ಕೊಟ್ಟೆ. ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡಿ, ಠಣ್ ಅಂದರೆ ಚೆನ್ನಾಗಿ ಬೆಂದಿದೆ, ಬಿರುಕಿಲ್ಲ. ಹೊರಗೆ ಬಣ್ಣ ಬಳಿದದ್ದು ಬೇಡ. ಮಡಕೆ ತಣ್ಣಗಾಗುವುದೇ ಅದರ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದ. ಬಣ್ಣ ಬಳಿದರೆ ಆ ರಂಧ್ರ ಮುಚ್ಚುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗದಗಿನ ಒಣ ಗಾಳಿಗೆ ನೀರು ಎಷ್ಟು ಚೆಂದ ತಣ್ಣಗಾಗುತ್ತದೆ ಅಂದರೆ ಫ್ರಿಜ್ಜಿನ ನೀರು ಬೇಡ ಅನ್ನಿಸುತ್ತದೆ. ಕಿಟಕಿಯ ಗಾಳಿ ತಾಗುವ ಕಡೆ ಇಡಬೇಕು, ಮೂಲೆಯಲ್ಲಿ ಅಲ್ಲ. ಜೂನ್ ಮುಗಿದು ಗಾಳಿ ಹಸಿಯಾದ ಮೇಲೆ ತಣ್ಣಗಾಗುವುದು ಕಡಿಮೆ. ಅದು ಮಡಕೆಯ ತಪ್ಪಲ್ಲ.

ಎರಡನೆಯ ಬೇಸಿಗೆಗೆ ಅದೇ ಮಡಕೆ ಅಷ್ಟು ತಣ್ಣಗೆ ಮಾಡಲಿಲ್ಲ. ನಡುವೆ ಒಂದೆರಡು ತಿಂಗಳು ಬೋರಿನ ಗಡಸು ನೀರು ತುಂಬಿದ್ದೆವು. ಹೊರಮೈಗೆ ಬಿಳಿ ಪುಡಿ ಕಟ್ಟಿತ್ತು, ಸುಣ್ಣದಂಶ ರಂಧ್ರದಲ್ಲಿ ಕೂತಿತ್ತು. ಬ್ರಶ್ಶಿನಿಂದ ತಿಕ್ಕಿ ಎರಡು ದಿನ ಬಿಸಿಲಿಗೆ ಇಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಸೋಪು ಮಾತ್ರ ಹಚ್ಚಬೇಡಿ, ಮಣ್ಣು ಹೀರಿಕೊಳ್ಳುತ್ತದೆ. ಈಗ ಪ್ರತಿ ಮಾರ್ಚಿನಲ್ಲಿ ಹೊಸ ಮಡಕೆ ತರುತ್ತೇವೆ, ಹಳೆಯದು ಗಿಡಕ್ಕೆ. ಚರಗಿ ಅದ್ದಿ ತೆಗೆಯುವ ರೂಢಿ ಬಿಟ್ಟಿದ್ದೇವೆ, ಬೆರಳು ನೀರಿಗೆ ತಾಗುತ್ತವೆ. ಉದ್ದ ಹಿಡಿಕೆಯ ಸೌಟು ಪಕ್ಕಕ್ಕೇ ತೂಗುಬಿಟ್ಟಿದೆ.

ಮುಂಡರಗಿ ಕಡೆಯ ನಮ್ಮ ನೆಂಟರು ಕೇಳುತ್ತಾರೆ, ಮಡಕೆ ಅಥವಾ ತಾಮ್ರದಲ್ಲಿ ಇಟ್ಟರೆ ಬೋರಿನ ನೀರಿನಲ್ಲಿರುವ, ಹಲ್ಲು ಎಲುಬು ಕೆಡಿಸುವ ಫ್ಲೋರೈಡು ಹೋಗುತ್ತದಾ ಅಂತ. ಹೋಗುವುದಿಲ್ಲ. ಕಾಯಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಬೋರಿನ ನೀರನ್ನು ಯಾವ ಪಾತ್ರೆಯಲ್ಲಿಟ್ಟರೂ ಕುಡಿಯಬಾರದು. ಅಂಥ ಊರಲ್ಲಿ ಘಟಕದ ನೀರೇ ಆಗಬೇಕು. ಪಾತ್ರೆ ನೀರನ್ನು ಕಾಪಾಡುತ್ತದೆ ಅಷ್ಟೇ, ಶುದ್ಧ ಮಾಡುವುದು ಬೇರೆ ಕೆಲಸ.

ತಾಮ್ರಕ್ಕೆ ಆ ಗುಣ ಸ್ವಲ್ಪ ಇದೆ. ನೀರಿಗೆ ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿ ತಾಮ್ರದ ಪಾತ್ರೆಯಲ್ಲಿ 16 ತಾಸು ಇಟ್ಟರೆ ಅವು ಸಾಯುತ್ತವೆ ಎಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ. ಅವ್ವನ ತವರಿನ ತಾಮ್ರದ ಕೊಡ ಅಟ್ಟದಿಂದ ಇಳಿಯಿತು. ರಾತ್ರಿ ತುಂಬಿಟ್ಟು ಮರುದಿನ ಕುಡಿಯುತ್ತೇವೆ. ವಾರಕ್ಕೊಮ್ಮೆ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಬೇಕು, ಹಸಿರು ಕಿಲುಬು ಕಂಡರೆ ಆ ನೀರು ಚೆಲ್ಲಬೇಕು. ಕೊಡದ ಬಾಯಿ ಸಣ್ಣದು, ಹೆಂಡತಿಯ ಕೈ ಹೋಗುತ್ತದೆ, ನನ್ನದು ಹೋಗುವುದಿಲ್ಲ. ಆದ್ದರಿಂದ ಆ ಕೆಲಸ ಅವಳ ಮೇಲೇ ಬಿದ್ದಿದೆ. ಇದು ನನಗೆ ಸರಿ ಕಾಣುವುದಿಲ್ಲ. ಬಾಯಿ ಅಗಲದ ತಾಮ್ರದ ಪಾತ್ರೆ ನೋಡುತ್ತಿದ್ದೇನೆ.

ತಾಮ್ರದ ಬಾಟಲಿ ಮಾತ್ರ ಬೇಡ. 850 ರೂಪಾಯಿ ಕೊಟ್ಟು ತಗೊಂಡು ಡ್ಯೂಟಿಗೆ ಒಯ್ದೆ. ಒಂದು ಮಧ್ಯಾಹ್ನ ಅದರಲ್ಲೇ ನಿಂಬೆ ಶರಬತ್ತು ತುಂಬಿಸಿದೆ. ಶಿರಗುಪ್ಪಿ ದಾಟುವಷ್ಟರಲ್ಲಿ ಹೊಟ್ಟೆ ತೊಳಸಿ ವಾಂತಿ ಬಂದಂತಾಯಿತು. ಹುಳಿ ತಾಗಿದರೆ ತಾಮ್ರ ಕರಗುತ್ತದೆ. ಹಿಂದಿನವರು ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದದ್ದು ಅದಕ್ಕೇ ಅಲ್ವಾ. ಶರಬತ್ತು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಬಾಟಲಿಯ ಬಾಯಿಯಲ್ಲಿ ಎರಡೇ ಬೆರಳು ಹೋಗುತ್ತವೆ, ಒಳಗೆ ಕಿಲುಬು ಕಟ್ಟಿದೆಯೋ ಇಲ್ಲವೋ ಕಾಣುವುದೇ ಇಲ್ಲ.

ಈಗ ಡ್ಯೂಟಿಯ ನೀರು. ಮೊದಲು ಅಂಗಡಿಯ ನೀರಿನ ಬಾಟಲಿಯನ್ನೇ ತಿಂಗಳುಗಟ್ಟಲೆ ತುಂಬಿ ತುಂಬಿ ಬಳಸುತ್ತಿದ್ದೆ. ನನ್ನ ಚೀಲ ಇರುವುದು ಬಸ್ಸಿನ ಬಾನೆಟ್ಟಿನ ಹತ್ತಿರ, ಮಧ್ಯಾಹ್ನಕ್ಕೆ ಬಾಟಲಿ ಮೆತ್ತಗಾಗಿ ನೀರಿಗೆ ಒಂದು ವಾಸನೆ ಬರುತ್ತಿತ್ತು. 2024ರ ಜನವರಿಯಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಅಲ್ಲಿಯ ಬಾಟಲಿ ನೀರನ್ನು ಪರೀಕ್ಷಿಸಿ, ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣ ಇವೆ ಎಂದರು. ಹೆಚ್ಚಿನವು ಕಣ್ಣಿಗೆ ಕಾಣದಷ್ಟು ಸಣ್ಣವು. ಆ ಸುದ್ದಿ ಓದುವ ಹೊತ್ತಿಗೆ ನಾನು ಬಿಟ್ಟು ಒಂದೂವರೆ ವರ್ಷವಾಗಿತ್ತು, ಬಿಟ್ಟದ್ದು ಒಳ್ಳೇದಾಯಿತು ಅನ್ನಿಸಿತು.

ಗಾಜಿನ ಬಾಟಲಿ ಹತ್ತೊಂಬತ್ತು ದಿನ ಬಾಳಿತು. ಹುಲಕೋಟಿಯ ರಸ್ತೆ ಉಬ್ಬಿನಲ್ಲಿ ಚೀಲ ಕೆಳಗೆ ಬಿತ್ತು, ಟಿಕೆಟ್ ಮಷಿನ್ ಉಳಿಯಿತು, ಬಾಟಲಿ ಉಳಿಯಲಿಲ್ಲ. ಮನೆಯ ಫ್ರಿಜ್ಜಿಗೆ ಗಾಜು ಸರಿ. ಬಿಸಿ, ತಂಪು ಕಾಯುವ ಎರಡು ಪದರದ ಸ್ಟೀಲ್ ಬಾಟಲಿ ಚೆನ್ನಾಗಿತ್ತು, ಆದರೆ ತೂಕ, 1,100 ರೂಪಾಯಿ. ಒಂದು ಸಲ ಜೋರಾಗಿ ಬಿದ್ದು ತಳ ನೆಗ್ಗಿತು, ಆಮೇಲೆ ತಂಪು ನಿಲ್ಲಲಿಲ್ಲ. ಎರಡು ಪದರದ ನಡುವಿನ ನಿರ್ವಾತ ಹೋದರೆ ಅದು ಬರೀ ಭಾರದ ಬಾಟಲಿ.

ಈಗ ನನ್ನ ಹತ್ತಿರ ಇರುವುದು ಒಂದೇ ಪದರದ, ಅಗಲ ಬಾಯಿಯ ಒಂದು ಲೀಟರಿನ ಸ್ಟೀಲ್ ಬಾಟಲಿ. 340 ರೂಪಾಯಿ. ಇದರೊಳಗೆ ನಾಲ್ಕು ಬೆರಳು ನಾರಿನ ಸಮೇತ ತಳ ಮುಟ್ಟುತ್ತವೆ. ಆದರೆ ಒಂದೇ ಪದರ ಆದ್ದರಿಂದ ನೀರು ಬೇಗ ಕಾಯುತ್ತದೆ. ಅದಕ್ಕೆ ಉಪಾಯ ಸಿಕ್ಕಿದ್ದು ಅಣ್ಣಿಗೇರಿಯ ಒಂದು ಅರವಟ್ಟಿಗೆಯಲ್ಲಿ. ಹರವಿಯ ಸುತ್ತ ಗೋಣಿತಟ್ಟು ಸುತ್ತಿ ನೀರು ಚಿಮುಕಿಸಿದ್ದರು. ಮನೆಗೆ ಬಂದು ಅವ್ವನಿಗೆ ಹೇಳಿದೆ. ನನ್ನ ಹಳೆಯ ಖಾಕಿ ಪ್ಯಾಂಟಿನ ಕಾಲು ಕತ್ತರಿಸಿ, ಕೆಳಗೆ ಹೊಲಿದು, ಮೇಲೆ ಲಾಡಿ ಹಾಕಿ ಬಾಟಲಿಗೆ ಒಂದು ಅಂಗಿ ಮಾಡಿಕೊಟ್ಟಳು. ಗದಗ ಬಿಡುವಾಗ ಅದನ್ನು ಒದ್ದೆ ಮಾಡಿ ಕಿಟಕಿಯ ಸರಳಿಗೆ ಕಟ್ಟುತ್ತೇನೆ. ಬಸ್ಸಿನ ಗಾಳಿಗೆ ಅಣ್ಣಿಗೇರಿ ಮುಟ್ಟುವ ಹೊತ್ತಿಗೆ ನೀರು ಮಡಕೆಯ ನೀರಿನಷ್ಟೇ ತಣ್ಣಗೆ. ಬಟ್ಟೆ ಒಣಗಿದರೆ ನಲವಡಿ ಹತ್ತಿರ ಮತ್ತೆ ನಾಲ್ಕು ಹನಿ. ನಮ್ಮ ಡಿಪೋದ ಇನ್ನಿಬ್ಬರು ಈಗ ಹೀಗೇ ಹೊಲಿಸಿಕೊಂಡಿದ್ದಾರೆ.

ಮಕ್ಕಳಿಗೂ ಇದೇ ಬಾಟಲಿ, ಅರ್ಧ ಲೀಟರಿನದ್ದು. ಹೀರುವ ಕೊಳವೆ ಇರುವ ಮುಚ್ಚಳ ಕೊಡಿಸಬೇಡಿ, ಆ ಕೊಳವೆಯಲ್ಲಿ ಕಪ್ಪು ಕಟ್ಟುತ್ತದೆ. ಮುಚ್ಚಳದ ರಬ್ಬರ್ ರಿಂಗನ್ನು ವಾರಕ್ಕೊಮ್ಮೆ ಪಿನ್ನಿನಿಂದ ಬಿಡಿಸಿ ತೊಳೆಯಿರಿ. ಮೊದಲ ಸಲ ಬಿಡಿಸಿದಾಗ ಅದರ ಕೆಳಗೂ ಅದೇ ಲೋಳೆ ಇತ್ತು, ಕ್ಯಾನಿನಲ್ಲಿ ಕಂಡದ್ದೇ.

ಪ್ಲಾಸ್ಟಿಕ್ ಪೂರ್ತಿ ಹೋಗಿಲ್ಲ. ಮಾಳಿಗೆಯ ಮೇಲಿನ ಟಾಕಿ, ಪೈಪು, ಬಳಕೆಯ ನೀರಿನ ಬ್ಯಾರಲ್ಲು ಹಾಗೇ ಇವೆ. ಕುಡಿಯುವ ನೀರು ನಿಲ್ಲುವ ಪಾತ್ರೆಯಲ್ಲಿ ಮಾತ್ರ ಇಲ್ಲ. ಒಟ್ಟು 14 ಸಾವಿರ ಹತ್ತಿರ ಖರ್ಚಾಯಿತು, ಅದು ನಮ್ಮಂಥವರಿಗೆ ಸಣ್ಣ ಮೊತ್ತ ಅಲ್ಲ. ಒಂದೇ ಸಲ ತಗೊಳ್ಳಲಿಲ್ಲ, ಎರಡು ವರ್ಷದಲ್ಲಿ ಒಂದೊಂದೇ ತಂದೆವು. ಈಗ ಶುರು ಮಾಡುವವರು ಮಡಕೆ, ಸ್ಟೀಲ್ ಬಾಟಲಿ ಎರಡರಿಂದ ಶುರು ಮಾಡಿ, ನಾನು ಕೊಟ್ಟ ದರದಲ್ಲಿ 720 ರೂಪಾಯಿ ಸಾಕು. ಅಂಗಡಿಗೆ ಹೋದಾಗ ಮುಚ್ಚಳ ತೆಗೆದು ಕೈ ಹಾಕಿ ನೋಡಿ. ಮನೆಯಲ್ಲಿ ತೊಳೆಯುವವರು ಬೇರೆ ಇದ್ದರೆ ಅವರನ್ನೂ ಕರ್ಕೊಂಡು ಹೋಗಿ.