ಎಚ್‌ಓ ಒಳ್ಳೆಯದಾ, ಎನ್ ಒಳ್ಳೆಯದಾ? ಮಂಗಳೂರಿನ ಮನೆಯಲ್ಲಿ ಎರಡನ್ನೂ ಓಡಿಸಿ ನೋಡಿದ ಮೇಲೆ

ಮನೆಯಲ್ಲಿ ಮಾಡೆಲ್ ರೈಲು ಹಾಕಬೇಕು ಅನ್ನುವವರು ಮೊದಲು ಕೇಳುವುದು ಜಾಗದ ಪ್ರಶ್ನೆ. "ನಮ್ಮದು ಎರಡು ಬೆಡ್‌ರೂಮಿನ ಫ್ಲಾಟು, ಯಾವ ಸ್ಕೇಲ್ ಹಿಡಿಸುತ್ತೆ?" ಅಂತ. ಜಾಗದ ಮಾತು ಆಮೇಲೆ ಇರಲಿ. ಮೊದಲು ಇದನ್ನು ತೀರ್ಮಾನ ಮಾಡಿಕೊಳ್ಳಿ: ನಿಮಗೆ ರೈಲು ಓಡುವುದನ್ನು ಕೂತು ನೋಡಬೇಕೋ, ಅಥವಾ ರೈಲ್ವೆಯ ಕೆಲಸವನ್ನೇ ಮಾಡಬೇಕೋ? ಉದ್ದನೆಯ ಎಕ್ಸ್‌ಪ್ರೆಸ್ ಘಾಟಿ ಹತ್ತಿ ಸುರಂಗದೊಳಗೆ ಹೋಗುವುದನ್ನು ನೋಡುವ ಖುಷಿ ಒಂದು. ವ್ಯಾಗನ್ ಬಿಡಿಸಿ, ಜೋಡಿಸಿ, ಗೂಡ್ಸ್ ಗಾಡಿ ಕಟ್ಟುವ ಖುಷಿ ಇನ್ನೊಂದು. ಎರಡಕ್ಕೂ ಬೇಕಾದ ಸಾಮಾನು ಬೇರೆ ಬೇರೆ.

ಎಚ್‌ಓ, ಎನ್ ಅನ್ನುವುದು ಮಾಡೆಲ್ ರೈಲಿನ ಎರಡು ಸ್ಕೇಲ್, ಅಂದರೆ ಅಳತೆ. ನಾನು ಎರಡನ್ನೂ ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಒಳಕೋಣೆಯಲ್ಲಿ ಎನ್ ಸ್ಕೇಲಿನ ಒಂದು ಬೋರ್ಡು, ಹಾಲ್‌ನ ಗೋಡೆಗೆ ಎಚ್‌ಓ ಸ್ಕೇಲಿನ ಒಂದು ಶೆಲ್ಫು. ಇರುವುದು ಮಂಗಳೂರಿನಲ್ಲಿ. ಇಲ್ಲಿ ಜೂನ್ ಶುರುವಾದರೆ ಮರ ಉಬ್ಬುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಳಿಯ ಮೇಲೆ ಕಣ್ಣಿಗೆ ಕಾಣದ ಕೊಳೆ ಕೂರುತ್ತದೆ. ಯುರೋಪು, ಅಮೆರಿಕದವರು ಬರೆದ ಸಲಹೆಗಳಲ್ಲಿ ಈ ಹವೆಯ ಲೆಕ್ಕ ಅಷ್ಟಾಗಿ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ಅದೇ ದೊಡ್ಡ ಲೆಕ್ಕ.

ಅಳತೆಯಲ್ಲಿ ಎನ್ ಮುಂದೆ

ಎಚ್‌ಓ ಅಂದರೆ 1:87, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿ.ಮೀ. ಎನ್ ಅಂದರೆ 1:160, ಅಂತರ 9 ಮಿ.ಮೀ. ಜಪಾನಿನ ಎನ್ ಗಾಡಿಗಳಲ್ಲಿ ಹೆಚ್ಚಿನವು 1:150, ಬ್ರಿಟನ್ನಿನವು 1:148. ಹಳಿ ಒಂದೇ ಆದರೂ ಪಕ್ಕಪಕ್ಕ ನಿಲ್ಲಿಸಿದರೆ ವ್ಯತ್ಯಾಸ ಕಾಣುತ್ತದೆ. ಬೆರೆಸುವ ಮೊದಲು ನೋಡಿಕೊಳ್ಳಿ.

ನಮ್ಮ ಹಳೆಯ ನೀಲಿ ಐಸಿಎಫ್ ಬೋಗಿಯ ಉದ್ದ ಸುಮಾರು 21.3 ಮೀಟರ್. ಎಚ್‌ಓದಲ್ಲಿ ಅದು 245 ಮಿ.ಮೀ. ಆಗುತ್ತದೆ, ಎನ್‌ನಲ್ಲಿ 133 ಮಿ.ಮೀ. ಹತ್ತು ಬೋಗಿ ಜೋಡಿಸಿದರೆ ಎಚ್‌ಓದಲ್ಲಿ 2.45 ಮೀಟರ್. ಎಂಟಡಿಯ ಪ್ಲೈವುಡ್ ಶೀಟಿನ ಉದ್ದವೇ 2.44 ಮೀಟರ್! ಎಂಜಿನ್ ಹಚ್ಚುವ ಮೊದಲೇ ಶೀಟು ಮುಗಿದು ಹೋಯಿತು. ಎನ್‌ನಲ್ಲಿ ಅದೇ ಗಾಡಿ 1.33 ಮೀಟರ್.

ತಿರುವಿನ ವಿಷಯ ಇನ್ನೂ ಬಿಗಿ. ಗಾಡಿ ನೋಡಲು ಚೆಂದ ಇರಬೇಕು, ಹಳಿ ತಪ್ಪಬಾರದು ಅಂದರೆ ತಿರುವಿನ ತ್ರಿಜ್ಯ ಬೋಗಿಯ ಉದ್ದದ ಮೂರು ಪಟ್ಟಾದರೂ ಇರಲಿ ಅನ್ನುವುದು ಹವ್ಯಾಸಿಗಳ ಅಂದಾಜು ಸೂತ್ರ. ಐಸಿಎಫ್ ಬೋಗಿಗೆ ಎಚ್‌ಓದಲ್ಲಿ 735 ಮಿ.ಮೀ. ತ್ರಿಜ್ಯ ಬೇಕಾಗುತ್ತದೆ. ಪೂರ್ತಿ ವೃತ್ತಕ್ಕೆ ಸುಮಾರು ಒಂದೂವರೆ ಮೀಟರ್ ಅಗಲದ ಬೋರ್ಡು. ನಾಲ್ಕಡಿಯ ಶೀಟಿನಲ್ಲಿ ಅದು ಕೂರುವುದಿಲ್ಲ. ಎನ್‌ನಲ್ಲಿ 400 ಮಿ.ಮೀ. ಸಾಕು.

ಘಾಟಿಯ ಆಸೆ ಇದ್ದವರಿಗೆ ಇನ್ನೊಂದು ಲೆಕ್ಕ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ದಾರಿಯಲ್ಲಿ ಏರು 50ಕ್ಕೆ 1, ಸುರಂಗಗಳು 57. ಅದೇ ಏರನ್ನು ಮಾಡೆಲ್‌ನಲ್ಲಿ ಇಟ್ಟುಕೊಂಡು ಒಂದು ಹಳಿಯ ಮೇಲೆ ಇನ್ನೊಂದು ಹಳಿ ದಾಟಿಸಬೇಕು ಅಂದುಕೊಳ್ಳಿ. ಎಚ್‌ಓದಲ್ಲಿ ಸುಮಾರು 75 ಮಿ.ಮೀ. ಎತ್ತರ ಬೇಕು, ಅಂದರೆ 3.75 ಮೀಟರ್ ಉದ್ದದ ಏರು. ಎನ್‌ನಲ್ಲಿ 50 ಮಿ.ಮೀ. ಎತ್ತರ, 2.5 ಮೀಟರ್ ಏರು. ಮೇಲೆ ಹೋದದ್ದು ಕೆಳಗೂ ಬರಬೇಕಲ್ವಾ, ಅದಕ್ಕೂ ಅಷ್ಟೇ. ಹಾಗಾಗಿ ಎಡಕುಮೇರಿ ಕಡೆಯ ಕಾಡು, ಸೇತುವೆ, ಸುರಂಗ ಎಲ್ಲ ನನ್ನ ಎನ್ ಬೋರ್ಡಿನ ಪಾಲಿಗೆ ಹೋದವು. ಬೆಟ್ಟ ದೊಡ್ಡದು, ರೈಲು ಚಿಕ್ಕದು ಅನ್ನುವ ನೋಟ ಎನ್‌ನಲ್ಲಿ ಬರುವ ಹಾಗೆ ಎಚ್‌ಓದಲ್ಲಿ ಬರುವುದೇ ಇಲ್ಲ.

ನಮ್ಮ ಬ್ರಾಡ್‌ಗೇಜ್ ಎರಡರಲ್ಲೂ ಸರಿಯಾಗಿ ಕೂರುವುದಿಲ್ಲ, ಇದು ಗೊತ್ತಿರಲಿ. 1676 ಮಿ.ಮೀ. ಗೇಜು 1:87ರಲ್ಲಿ 19.3 ಮಿ.ಮೀ. ಆಗಬೇಕಿತ್ತು, ಸಿಗುವುದು 16.5. ಎನ್‌ನಲ್ಲಿ 10.5 ಆಗಬೇಕಿತ್ತು, ಸಿಗುವುದು 9. ಪಕ್ಕದಿಂದ ನೋಡಿದರೆ ತಿಳಿಯುವುದಿಲ್ಲ, ಎದುರಿನಿಂದ ನೋಡಿದರೆ ಎಚ್‌ಓ ಎಂಜಿನ್ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ನಾನು ಅದನ್ನು ಒಪ್ಪಿಕೊಂಡಿದ್ದೇನೆ.

ಓಟದಲ್ಲಿ ಎಚ್‌ಓ ಮುಂದೆ

ಇಷ್ಟು ಓದಿದರೆ ಎನ್ ಗೆದ್ದೇ ಬಿಟ್ಟಿತು ಅನಿಸಬಹುದು. ಮಳೆಗಾಲ ಬರಲಿ, ಆಮೇಲೆ ನೋಡಿ.

ಮಾಡೆಲ್ ಎಂಜಿನ್‌ಗೆ ಕರೆಂಟು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ ಹೋಗಬೇಕು. ಚಕ್ರ ಹಳಿಯನ್ನು ಮುಟ್ಟುವ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಅಲ್ಲಿ ಕೊಳೆ ಇದ್ದರೆ ಎಂಜಿನ್ ನಿಂತಿತು. ಎಂಜಿನ್ ಭಾರ ಇದ್ದಷ್ಟೂ ಕೊಳೆಯನ್ನು ಒತ್ತಿಕೊಂಡು ಹೋಗುತ್ತದೆ. ಗಾಡಿ ಹಳಿ ಬಿಡದಿರಲೂ ಭಾರ ಬೇಕು. ವ್ಯಾಗನ್ ತೂಕಕ್ಕೆ ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಸ್ಥೆ ಎನ್‌ಎಂಆರ್‌ಎಯ ಶಿಫಾರಸು ಇದೆ. ಆರು ಇಂಚಿನ ಎಚ್‌ಓ ವ್ಯಾಗನ್ 113 ಗ್ರಾಂ ಇರಬೇಕು, ಮೂರು ಇಂಚಿನ ಎನ್ ವ್ಯಾಗನ್ 27 ಗ್ರಾಂ. ಉದ್ದ ಅರ್ಧ ಆದರೆ ತೂಕ ಕಾಲು ಭಾಗಕ್ಕೂ ಕಡಿಮೆ. ಎಂಜಿನ್‌ಗಳ ಕಥೆಯೂ ಹೆಚ್ಚು ಕಡಿಮೆ ಇದೇ.

ಇದು ನಿಧಾನ ಓಡಿಸುವಾಗ ಗೊತ್ತಾಗುತ್ತದೆ. ಎನ್ ಬೋರ್ಡಿನಲ್ಲಿ ಎಕ್ಸ್‌ಪ್ರೆಸ್ ಜೋರಾಗಿ ಓಡುತ್ತಿದ್ದರೆ ಸಣ್ಣ ಕೊಳೆಯನ್ನು ಓಟದ ರಭಸದಲ್ಲೇ ದಾಟಿಬಿಡುತ್ತದೆ. ಆದರೆ ಶಂಟಿಂಗ್‌ಗೆ, ಅಂದರೆ ವ್ಯಾಗನ್ ಬಿಡಿಸಿ ಜೋಡಿಸುವ ಕೆಲಸಕ್ಕೆ ಅಂತ ಆರು ಚಕ್ರದ ಪುಟ್ಟ ಎಂಜಿನ್ ತಂದು ಪಾಯಿಂಟಿನ (ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗ) ಮೇಲೆ ನಡಿಗೆಯ ವೇಗದಲ್ಲಿ ಬಿಟ್ಟರೆ, ಅದರೊಳಗೆ ಹಳಿಗಳು ಒಂದನ್ನೊಂದು ದಾಟುವ ಪ್ಲಾಸ್ಟಿಕ್ ತುಂಡಿನ, ಅಂದರೆ ಫ್ರಾಗ್‌ನ ಮೇಲೆ ಅದು ನಿಂತುಬಿಡುತ್ತದೆ. ಬೆರಳಲ್ಲಿ ತಳ್ಳಬೇಕು. ಎಚ್‌ಓ ಶೆಲ್ಫಿನಲ್ಲಿ ಹನ್ನೆರಡು ಚಕ್ರದ ಆಲ್ಕೊ ಡೀಸೆಲ್ ಎಂಜಿನ್ ಅದೇ ಮಳೆಗಾಲದಲ್ಲಿ, ಅದೇ ವೇಗದಲ್ಲಿ ಪಾಯಿಂಟ್ ದಾಟಿ ವ್ಯಾಗನ್‌ಗೆ ಮೆಲ್ಲನೆ ಹೋಗಿ ತಾಗುತ್ತದೆ. ಶಂಟಿಂಗ್ ಮಾಡುವವರಿಗೆ ಬೇರೆ ಏನೂ ಬೇಡ, ಇದೊಂದಿದ್ದರೆ ಸಾಕು.

ಶುಚಿ ಮಾಡುವ ಕೆಲಸ ಎರಡಕ್ಕೂ ಇದೆ. ಚಕ್ರಕ್ಕೆ ನಾನು ಮಾಡುವುದು ಹೀಗೆ: ಪೇಪರ್ ಟವೆಲ್ ತುಂಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳಿಯ ಮೇಲೆ ಅಡ್ಡಲಾಗಿ ಹಾಸುತ್ತೇನೆ. ಎಂಜಿನ್ನಿನ ಒಂದು ತುದಿಯ ಚಕ್ರಗಳು ಟವೆಲ್ ಮೇಲೆ, ಇನ್ನೊಂದು ತುದಿಯವು ಬರಿ ಹಳಿಯ ಮೇಲೆ. ಎಂಜಿನ್ನನ್ನು ಕೈಯಲ್ಲಿ ಹಿಡಿದು ಕರೆಂಟು ಕೊಟ್ಟರೆ ಟವೆಲ್ ಮೇಲಿನ ಚಕ್ರಗಳು ನಿಂತಲ್ಲೇ ತಿರುಗಿ ಎರಡು ಕಪ್ಪು ಗೆರೆ ಎಳೆಯುತ್ತವೆ. ಗೆರೆ ಬೂದಿ ಬಣ್ಣಕ್ಕೆ ಬರುವವರೆಗೆ ಟವೆಲ್ ಸರಿಸುತ್ತಾ ಹೋಗುವುದು, ಆಮೇಲೆ ಎಂಜಿನ್ ತಿರುಗಿಸಿ ಇನ್ನೊಂದು ತುದಿ. ಹಳಿಗೆ ಆಲ್ಕೊಹಾಲ್‌ಗಿಂತ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಒರೆಸಿದಾಗ ಶುಚಿ ಜಾಸ್ತಿ ದಿನ ನಿಲ್ಲುತ್ತದೆ ಅನ್ನುವುದು ನನ್ನ ಅನುಭವ. ಕಿಟಕಿ ತೆರೆದಿಟ್ಟು, ಸ್ವಲ್ಪವೇ ಹಾಕಿ, ಪೂರ್ತಿ ಒಣಗಿಸಿ ಓಡಿಸಬೇಕು. ಮರಳು ಕಾಗದ ಮಾತ್ರ ಬೇಡ. ಅದು ಮಾಡುವ ಗೀರಿನಲ್ಲೇ ಮುಂದಿನ ಕೊಳೆ ಕೂರುತ್ತದೆ.

ಹಳಿ ಕೊಳ್ಳುವಾಗ ನಿಕಲ್ ಸಿಲ್ವರ್ ಹಳಿಯನ್ನೇ ಕೊಳ್ಳಿ. ಉಕ್ಕಿನ ಹಳಿ ಅಗ್ಗ, ಆದರೆ ಕರಾವಳಿಗೆ ಆಗುವುದಿಲ್ಲ. ಜಲ್ಲಿ ತಳದ ಸಮೇತ ಬರುವ ಕಟೊ ಯುನಿಟ್ರ್ಯಾಕ್‌ನಂಥ ಜೋಡಣೆ ಹಳಿ ಎನ್ ಬೋರ್ಡಿಗೆ ತುಂಬ ಅನುಕೂಲ. ಬಿಚ್ಚಬಹುದು, ಬದಲಿಸಬಹುದು, ಜೋಡಣೆ ಗಟ್ಟಿ. ಆದರೆ ಅವರು ಕೊಟ್ಟ ತ್ರಿಜ್ಯಗಳಲ್ಲೇ ತಿರುಗಬೇಕು. ಶೆಲ್ಫಿಗೆ ಪೀಕೊದ 914 ಮಿ.ಮೀ. ಉದ್ದದ, ಬೇಕಾದ ಹಾಗೆ ಬಾಗಿಸಬಹುದಾದ ಫ್ಲೆಕ್ಸ್ ಹಳಿ ಹಾಕಿದೆ. ಕೆಲಸ ಜಾಸ್ತಿ, ಬೆಸುಗೆ ಬೇಕು, ಆದರೆ ನಿಜವಾದ ಯಾರ್ಡಿನ ಉದ್ದನೆಯ ಸಣ್ಣ ಬಾಗು ಅದರಲ್ಲೇ ಬರುವುದು. ಪಾಯಿಂಟ್ ಮಾತ್ರ ಯಾವುದೇ ಸ್ಕೇಲಿಗೂ ಕರೆಂಟು ಹರಿಯುವ ಲೋಹದ ಫ್ರಾಗ್ ಇರುವುದನ್ನೇ ತೆಗೆದುಕೊಳ್ಳಿ.

ಬೋರ್ಡಿನ ವಿಷಯಕ್ಕೆ ಹೆಚ್ಚು ಮಾತು ಬೇಡ. ಪ್ಲೈವುಡ್ ಆದರೆ ನೀರು ತಡೆಯುವ ಬಿಡಬ್ಲ್ಯೂಪಿ ದರ್ಜೆಯದ್ದು, ಎರಡೂ ಮುಖಕ್ಕೆ ಬಣ್ಣ ಬಳಿದು. ಒಂದೇ ಮುಖಕ್ಕೆ ಬಳಿದರೆ ಬಾಗುತ್ತದೆ. ಛಾವಣಿಯ ಬಿಸಿ ತಡೆಯಲು ಹಾಕುವ ಎಕ್ಸ್‌ಪಿಎಸ್ ಹಲಗೆ ನೀರು ಕುಡಿಯುವುದಿಲ್ಲ, ಹಗುರ, ಚಾಕುವಿನಲ್ಲೇ ಕಣಿವೆ ಕೊರೆಯಬಹುದು. ಘಾಟಿಗೆ ಅದೇ ವಾಸಿ. ಸಾದಾ ಥರ್ಮಾಕೋಲ್ ಬೇಡ, ಉದುರಿದ ಕಾಳು ಎಂಜಿನ್ನಿನ ಗೇರಿಗೆ ಸೇರುತ್ತದೆ.

ಡಿಸಿಯೋ, ಡಿಸಿಸಿಯೋ

ಇವು ಎಂಜಿನ್ ಓಡಿಸುವ ಎರಡು ಪದ್ಧತಿ. ಡಿಸಿಯಲ್ಲಿ ಹಳಿಗೆ 0ಯಿಂದ 12 ವೋಲ್ಟ್ ಕೊಡುತ್ತೀರಿ. ವೋಲ್ಟ್ ಜಾಸ್ತಿ ಆದರೆ ವೇಗ ಜಾಸ್ತಿ, ಪ್ಲಸ್ ಮೈನಸ್ ತಿರುಗಿಸಿದರೆ ಹಿಂದಕ್ಕೆ. ಹಳಿಯ ಮೇಲೆ ಎಷ್ಟು ಎಂಜಿನ್ ಇದ್ದರೂ ಎಲ್ಲವೂ ಒಟ್ಟಿಗೆ ಓಡುತ್ತವೆ. ಬೇಡ ಅಂದರೆ ಹಳಿಯನ್ನು ಬ್ಲಾಕ್ ಮಾಡಿ ಸ್ವಿಚ್ ಹಾಕಬೇಕು. ಡಿಸಿಸಿಯಲ್ಲಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಹಳಿಗೆ ಯಾವಾಗಲೂ ಪೂರ್ತಿ ವೋಲ್ಟ್ ಇರುತ್ತದೆ, ಅದರ ಜೊತೆಗೇ ಡಿಜಿಟಲ್ ಆದೇಶ ಹೋಗುತ್ತದೆ. ಪ್ರತಿ ಎಂಜಿನ್ನಿನ ಒಳಗಿನ ಡಿಕೋಡರ್ ತನ್ನ ನಂಬರಿಗೆ ಬಂದ ಆದೇಶ ಮಾತ್ರ ಕೇಳುತ್ತದೆ. ಜರ್ಮನಿಯ ಲೆಂಜ್ ಕಂಪನಿಯ ಪದ್ಧತಿಯನ್ನು ಆಧಾರವಾಗಿ ಇಟ್ಟುಕೊಂಡು 1990ರ ದಶಕದಲ್ಲಿ ಎನ್‌ಎಂಆರ್‌ಎ ಇದನ್ನು ಮಾನದಂಡ ಮಾಡಿತು. ಹಾಗಾಗಿ ಒಬ್ಬರ ಡಿಕೋಡರ್ ಇನ್ನೊಬ್ಬರ ಕಂಟ್ರೋಲರಿಗೆ ಹೊಂದುತ್ತದೆ.

ಒಂದೇ ಗಾಡಿ ಸುತ್ತು ಹೊಡೆಯುವ ಬೋರ್ಡಿಗೆ ಡಿಸಿ ಧಾರಾಳ ಸಾಕು. ದುಡ್ಡು ಉಳಿಯುತ್ತದೆ, ಕೆಟ್ಟರೆ ಹುಡುಕುವುದು ಸುಲಭ. ಡಿಸಿಸಿಯಲ್ಲಿ ಒಂದು ಚಕ್ರ ಹಳಿ ತಪ್ಪಿ ಶಾರ್ಟ್ ಆದರೆ ಇಡೀ ಲೇಔಟ್ ನಿಲ್ಲುತ್ತದೆ.

ಆದರೆ ಘಾಟಿಗೆ ಡಿಸಿಸಿಯೇ ಬೇಕು. ಪಕ್ಕದ ಮನೆಯ ಹುಡುಗ ಒಮ್ಮೆ ಎನ್ ಬೋರ್ಡ್ ನೋಡುತ್ತಾ, "ಅಂಕಲ್, ಹಿಂದೆ ಯಾಕೆ ಇನ್ನೊಂದು ಎಂಜಿನ್ ತಳ್ತಾ ಇದೆ?" ಅಂತ ಕೇಳಿದ. ಸಕಲೇಶಪುರ ಘಾಟಿಯಲ್ಲಿ ಭಾರದ ಗೂಡ್ಸ್ ಹತ್ತಿಸಲು ಹಿಂದೆ ಬ್ಯಾಂಕರ್ ಎಂಜಿನ್ ಹಾಕುತ್ತಾರೆ, ಅದನ್ನೇ ಮಾಡಿದ್ದು. ಡಿಸಿಯಲ್ಲಿ ಇದನ್ನು ಮಾಡಿದಾಗ ಎರಡು ಎಂಜಿನ್‌ಗಳ ವೇಗ ಹೊಂದುತ್ತಿರಲಿಲ್ಲ. ಹಿಂದಿನದು ಜೋರು, ಮುಂದಿನದು ನಿಧಾನ. ತಿರುವಿನಲ್ಲಿ ನಡುವಿನ ಹಗುರ ವ್ಯಾಗನ್‌ಗಳು ಹಳಿಯಿಂದ ಹೊರಕ್ಕೆ. ಡಿಸಿಸಿಯಲ್ಲಿ ಡಿಕೋಡರಿನ ಸಿವಿ ಅನ್ನುವ ಸೆಟ್ಟಿಂಗ್‌ಗಳಲ್ಲಿ 2, 5, 6 ಬದಲಿಸಿ ಆರಂಭದ, ಗರಿಷ್ಠ ಮತ್ತು ನಡುವಿನ ವೇಗ ಹೊಂದಿಸಬಹುದು. ಎರಡೂ ಎಂಜಿನ್‌ಗಳನ್ನು ಖಾಲಿ ಹಳಿಯಲ್ಲಿ ಸ್ವಲ್ಪ ಅಂತರ ಬಿಟ್ಟು ಓಡಿಸಿ, ಅಂತರ ಬದಲಾಗದಷ್ಟು ಹೊಂದಿಸಿದ ಮೇಲೆ ಒಂದೇ ಜೋಡಿಯಾಗಿ ಕಟ್ಟುವುದು. ಆಮೇಲೆ ಗಾಡಿ ಏರುವ ಚೆಂದವೇ ಬೇರೆ.

ದುಬಾರಿ ಆಗುತ್ತೆ ಅನ್ನುವವರಿಗೆ ಒಂದು ದಾರಿ ಇದೆ: ಡಿಸಿಸಿ-ಇಎಕ್ಸ್. ಉಚಿತ, ಮುಕ್ತ ಸಾಫ್ಟ್‌ವೇರ್. ಆರ್ಡುಯಿನೊ ಮೆಗಾ ಬೋರ್ಡು, ಮೋಟಾರ್ ಶೀಲ್ಡು, ಒಂದು ವೈಫೈ ಬೋರ್ಡು, ಒಳ್ಳೆಯ ಅಡಾಪ್ಟರ್ ಇದ್ದರೆ ಮೊಬೈಲ್ ಫೋನೇ ಕಂಟ್ರೋಲರ್. ಇದೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲೇ ಸಿಗುವ ಸಾಮಾನು. ಹೊರದೇಶದ ಸಿದ್ಧ ಕಂಟ್ರೋಲರಿಗೆ ಸಾಗಣೆ, ಕಸ್ಟಮ್ಸ್ ಸೇರಿ ಬೀಳುವ ದುಡ್ಡಿನ ಮುಂದೆ ಇದು ಏನೂ ಅಲ್ಲ. ಸಿದ್ಧ ಕಂಟ್ರೋಲರಿನ ಗುಂಡಿಯನ್ನು ಕಣ್ಣಿಟ್ಟು ನೋಡದೆ ತಿರುಗಿಸಬಹುದು, ಫೋನಿನಲ್ಲಿ ಅದು ಆಗುವುದಿಲ್ಲ. ಅಷ್ಟೇ ಕೊರತೆ. ಲೇಔಟಿನ ಕೆಳಗೆ ಮಾತ್ರ ಮನೆ ವೈರಿಂಗಿನ 1.5 ಸ್ಕ್ವೇರ್ ಎಂಎಂ ತಂತಿ ಎಳೆದು, ಮೂರು ಅಡಿಗೊಮ್ಮೆ ಹಳಿಗೆ ಸಣ್ಣ ತಂತಿ ಬೆಸೆಯಿರಿ. ಹಳಿಯ ಜಾಯಿನರ್‌ಗಳನ್ನು ನಂಬಬೇಡಿ.

ಎಚ್‌ಓಗೆ ಇಲ್ಲಿ ಇನ್ನೊಂದು ಲಾಭ. ಡಿಕೋಡರ್ ಜೊತೆ ಕೀಪ್ ಅಲೈವ್ ಅನ್ನುವ ಕೆಪಾಸಿಟರ್ ಹಾಕಿದರೆ, ಕೊಳೆಯ ಮೇಲೆ ಕರೆಂಟು ತಪ್ಪಿದರೂ ಎಂಜಿನ್ ಓಡುತ್ತಲೇ ಇರುತ್ತದೆ. ಎಚ್‌ಓ ಡೀಸೆಲ್ ಒಳಗೆ ಅದಕ್ಕೆ ಜಾಗ ಇದೆ. ಎನ್ ಎಂಜಿನ್ನಿನಲ್ಲಿ ಡಿಕೋಡರ್ ತುರುಕುವುದೇ ಕಷ್ಟ.

ಹಾಗಾದರೆ ಎಚ್‌ಓಗೆ ಜಾಗ ಎಲ್ಲಿ? ಸುತ್ತು ಹೊಡೆಯುವ ಆಸೆ ಬಿಟ್ಟರೆ ಜಾಗ ಸಿಗುತ್ತದೆ. ಬ್ರಿಟನ್ನಿನ ಅಲನ್ ರೈಟ್ ಮಾಡಿದ ಇಂಗ್ಲ್‌ನೂಕ್ ಸೈಡಿಂಗ್ಸ್ ಅನ್ನುವ ನಕ್ಷೆಯಲ್ಲಿ ಎರಡೇ ಪಾಯಿಂಟು, ಮೂರು ಹಳಿ. ಒಂದರಲ್ಲಿ ಐದು ವ್ಯಾಗನ್, ಉಳಿದ ಎರಡರಲ್ಲಿ ಮೂರು ಮೂರು ಹಿಡಿಸುತ್ತವೆ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಅದರಲ್ಲಿ ಐದನ್ನು ಬಂದ ಕ್ರಮದಲ್ಲೇ ಜೋಡಿಸಿ ಗಾಡಿ ಕಟ್ಟಬೇಕು. 6720 ಬಗೆಯ ಗಾಡಿ ಕಟ್ಟಬಹುದು. ಕಲ್ಲಿದ್ದಲು, ಅದಿರು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ ಎಚ್‌ಓದಲ್ಲಿ 123 ಮಿ.ಮೀ. ಅಷ್ಟೇ, ಐದಡಿಗೆ ಸ್ವಲ್ಪ ಜಾಸ್ತಿ ಉದ್ದ, ಒಂದಡಿ ಅಗಲದ ಶೆಲ್ಫಿನಲ್ಲಿ ಎಲ್ಲ ಮುಗಿಯುತ್ತದೆ. ಕೆಲಸದಿಂದ ಬಂದು ಒಂದು ಗಾಡಿ ಕಟ್ಟಿಯೇ ಊಟಕ್ಕೆ ಏಳುವ ಅಭ್ಯಾಸ ನನಗೆ ಆಗಿದ್ದು ಈ ಶೆಲ್ಫಿನಿಂದ. ಒಂದೇ ಒಂದು ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ.

ಇದೇ ನಕ್ಷೆಯನ್ನು ಎನ್‌ನಲ್ಲೂ ಹಾಕಿ ನೋಡಿದೆ. ಮೂರಡಿಗೇ ಮುಗಿಯಿತು. ಆದರೆ ವ್ಯಾಗನ್ ಬಿಡಿಸಲು ಕಡ್ಡಿ ಹಾಕಿದರೆ ಪಕ್ಕದ ವ್ಯಾಗನ್ ಎದ್ದು ಬರುತ್ತದೆ. ಎಚ್‌ಓದಲ್ಲಿ ಕೇಡಿ ಕಂಪನಿಯ ಕಪ್ಲರ್ (ವ್ಯಾಗನ್ ಜೋಡಿಸುವ ಕೊಂಡಿ) ಹಾಕಿ, ಹಳಿಗಳ ನಡುವೆ ಆಯಸ್ಕಾಂತ ಕೂರಿಸಿದರೆ ಕೈ ಹಾಕುವ ಪ್ರಮೇಯವೇ ಇಲ್ಲ. ಆಯಸ್ಕಾಂತದ ಮೇಲೆ ನಿಲ್ಲಿಸಿ, ಒಂಚೂರು ಸಡಿಲ ಬಿಟ್ಟು, ಎಂಜಿನ್ ಎಳೆದರೆ ಬಿಡಿಸಿಕೊಳ್ಳುತ್ತದೆ. ಎಲ್ಲ ವ್ಯಾಗನ್‌ಗಳ ಕಪ್ಲರೂ ಒಂದೇ ಎತ್ತರದಲ್ಲಿ ಇರಬೇಕು, ಅಷ್ಟೇ ಶರತ್ತು. ಎತ್ತರ ನೋಡುವ ಪುಟ್ಟ ಗೇಜು ಸಿಗುತ್ತದೆ, ಮೊದಲ ವ್ಯಾಗನ್ ಜೊತೆಗೇ ಅದನ್ನೂ ತರಿಸಿಕೊಳ್ಳಿ.