ಬೆಂಕಿಯಿಲ್ಲದ ಬಿಸಿ: ಡಬ್ಬಿಗಿಂತ ತೆಳ್ಳನೆಯ ಪ್ಯಾಡೇ ವಾಸಿ

ಒಲೆಯಿಲ್ಲದ ಕಡೆ ಊಟ ಬಿಸಿ ಮಾಡಲು ತಾನೇ ಬಿಸಿಯಾಗುವ ಡಬ್ಬಿಯೋ, ನೀರು ಹಾಕಿದರೆ ಕಾಯುವ ಹೀಟಿಂಗ್ ಪ್ಯಾಡೋ ಅಂದರೆ, ನನ್ನ ಓಟು ಪ್ಯಾಡಿಗೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅನ್ನಬೇಡಿ. ತಾನೇ ಬಿಸಿಯಾಗುವ ಊಟದ ಡಬ್ಬಿಗಳನ್ನು ಆಸೆಪಟ್ಟು ಒಂದು ಪೆಟ್ಟಿಗೆ ತುಂಬಾ ತರಿಸಿದ್ದೆ, ಈಗ ಅವನ್ನು ಮುಗಿಸುವುದೇ ಒಂದು ಕೆಲಸವಾಗಿದೆ. ನನಗೆ ರಾತ್ರಿ ಪ್ರಯಾಣ ಜಾಸ್ತಿ, ಬೆಟ್ಟ ಹತ್ತುವ ಹುಚ್ಚೂ ಇದೆ, ಮಂಡಿ ಮಾತ್ರ ಅದಕ್ಕೆ ಒಪ್ಪುವುದಿಲ್ಲ. ಹಾಗಾಗಿ ಊಟ ಬಿಸಿ ಮಾಡುವ ಸಾಮಾನು, ಮೈಗೆ ಶಾಖ ಕೊಡುವ ಪ್ಯಾಕ್ ಎರಡೂ ಬ್ಯಾಗಿನಲ್ಲಿ ಇರಲೇಬೇಕು.

ಡಬ್ಬಿ ಕೆಲಸ ಮಾಡುವ ರೀತಿ ಸರಳ. ಕೆಳಗಿನ ಪಾತ್ರೆಯಲ್ಲಿ ಒಂದು ಪ್ಯಾಕೆಟ್. ಅದರಲ್ಲಿ ಸುಟ್ಟ ಸುಣ್ಣ, ಬಹಳಷ್ಟರಲ್ಲಿ ಜೊತೆಗೆ ಅಲ್ಯೂಮಿನಿಯಂ ಪುಡಿ. ತಣ್ಣೀರು ಬಿದ್ದರೆ ಸುಣ್ಣ ಅರಳಿ ಬುಸ್ ಅಂತ ಕುದಿಯುತ್ತದೆ. ಆ ಹಬೆ ಮೇಲಿನ ತಟ್ಟೆಯ ಊಟವನ್ನು ಬಿಸಿ ಮಾಡಬೇಕು. ಮಾಡಬೇಕು, ಅಷ್ಟೆ.

ತೊಂದರೆ ಇರುವುದು ಈ ಹಬೆಯಲ್ಲೇ. ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಹಬೆ ಹೊರಗೆ ಹೋಗಲು. ಅದನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಒಳಗೆ ಒತ್ತಡ ಕಟ್ಟಿಕೊಂಡರೆ ಡಬ್ಬಿ ಸಿಡಿಯಬಹುದು. ಸರಿ, ಮುಚ್ಚಲಿಲ್ಲ ಅಂದುಕೊಳ್ಳಿ. ಆಗ ಬಿಸಿಯಲ್ಲಿ ಒಂದು ದೊಡ್ಡ ಪಾಲು ಆ ತೂತಿನಿಂದಲೇ ಹಾರಿಹೋಗಿ ನಿಮ್ಮ ಕನ್ನಡಕಕ್ಕೆ ಬಡಿಯುತ್ತದೆ. ಉಳಿದದ್ದು ಮುಚ್ಚಳದ ಒಳಗೆ ನೀರಾಗಿ ಕೂತು, ತೊಟ್ಟು ತೊಟ್ಟಾಗಿ ಊಟದ ಮೇಲೆ ಬೀಳುತ್ತದೆ. ತಟ್ಟೆಯ ತಳದಲ್ಲಿ ನಾಲಿಗೆ ಸುಡುವಷ್ಟು ಬಿಸಿ, ಮೂಲೆಗಳಲ್ಲಿ ತಣ್ಣಗೆ, ಮೇಲ್ಗಡೆ ನೀರು ನೀರು. ಮಧ್ಯೆ ಒಮ್ಮೆ ಕಲಸೋಣ ಅಂತ ಮುಚ್ಚಳ ತೆಗೆದರೆ ಇದ್ದ ಹಬೆಯೂ ಹೋಯಿತು.

ಇನ್ನು ನೀರಿನ ಲೆಕ್ಕ. ಗೆರೆಯವರೆಗೆ ಮಾತ್ರ ಹಾಕಬೇಕು. ಕಡಿಮೆಯಾದರೆ ಪ್ಯಾಕೆಟ್‌ನ ಒಂದು ಭಾಗ ಒಣಗಿಯೇ ಉಳಿಯುತ್ತದೆ, ಜಾಸ್ತಿಯಾದರೆ ಆ ನೀರನ್ನು ಕಾಯಿಸುವುದರಲ್ಲೇ ಅರ್ಧ ಬಿಸಿ ಖರ್ಚು. ಓಡುವ ಗಾಡಿಯಲ್ಲಿ ಈ ಗೆರೆ ಎಲ್ಲಿ, ನೀರು ಎಲ್ಲಿ! ಡಬ್ಬಿ ಸಮತಟ್ಟಾಗಿ ಕೂರಬೇಕು, ಒಂದು ಕಾಲುಗಂಟೆ ಯಾರೂ ಅಲುಗಾಡಿಸಬಾರದು, ಗಾಜಿನ ಮೇಜಿನ ಮೇಲಂತೂ ಇಡಲೇಬಾರದು, ಅದರ ತಳ ಅಷ್ಟು ಕಾಯುತ್ತದೆ. ಅಲ್ಯೂಮಿನಿಯಂ ಇದ್ದರೆ ಹೈಡ್ರೋಜನ್ ಬೇರೆ ಬರುತ್ತದೆ, ಅಂದರೆ ಪಕ್ಕದಲ್ಲಿ ಕಿಡಿ ಇರಬಾರದು, ಕಿಟಕಿ ತೆಗೆದಿರಬೇಕು. ಇಷ್ಟೆಲ್ಲಾ ಅನುಕೂಲ ಇರುವ ಜಾಗದಲ್ಲಿ ಒಂದು ಒಲೆಯೂ ಇರುತ್ತದೆ, ಅಲ್ವಾ?

ತಿಂದ ಮೇಲೂ ಮುಗಿಯುವುದಿಲ್ಲ. ಪ್ಯಾಕೆಟ್ ಊದಿಕೊಂಡು ಇಟ್ಟಿಗೆಯಷ್ಟು ಗಟ್ಟಿಯಾಗಿರುತ್ತದೆ, ಎಷ್ಟೋ ಹೊತ್ತು ಕೈ ಸುಡುತ್ತದೆ. ಕೆಳಗೆ ಉಳಿದದ್ದು ಸುಣ್ಣದ ನೀರು, ಕಣ್ಣಿಗೆ ಸಿಡಿದರೆ ಕಷ್ಟ. ಕಾಗದ ತುಂಬಿದ ಕಸದ ಬುಟ್ಟಿಗೆ ಹಾಗೇ ಎಸೆಯುವಂತಿಲ್ಲ.

ಪ್ಯಾಡಿನ ದಾರಿಯೇ ಬೇರೆ. ಇದರಲ್ಲಿ ಇರುವುದು ಮೆಗ್ನೀಸಿಯಂ, ಸ್ವಲ್ಪ ಕಬ್ಬಿಣದ ಪುಡಿ, ಉಪ್ಪು. ಒಂದು ಉದ್ದನೆಯ ಪ್ಲಾಸ್ಟಿಕ್ ಚೀಲದ ತಳದಲ್ಲಿ ಬಿಸ್ಕತ್ತಿನಷ್ಟು ತೆಳ್ಳಗೆ ಕೂತಿರುತ್ತದೆ. ಊಟದ ಪೌಚನ್ನು ಅದರೊಳಗೆ ಜಾರಿಸಿ, ಒಂದೆರಡು ಗುಟುಕು ನೀರು ಹಾಕಿ, ಬಾಯಿ ಮಡಚಿ ಓರೆಯಾಗಿ ಇಟ್ಟರೆ ಆಯಿತು. ಅಮೆರಿಕದ ಸೈನಿಕರ ಊಟದ ಜೊತೆ ಬರುವುದು ಇದೇ. ಅವರ ಚೀಲದ ಮೇಲಿನ ಚಿತ್ರದಲ್ಲಿ ಇದನ್ನು ಯಾವುದಕ್ಕೆ ಒರಗಿಸಬೇಕು ಅನ್ನುವುದಕ್ಕೆ ‘ಕಲ್ಲೋ ಮತ್ತೊಂದೋ’ ಅಂತ ಬರೆದಿರುವುದು ಬಹಳ ಪ್ರಸಿದ್ಧ. ನನಗಂತೂ ಅಷ್ಟು ಸೂಚನೆ ಸಾಕು. ಸುಮಾರು 230 ಗ್ರಾಂ ಊಟವನ್ನು 12 ನಿಮಿಷದಲ್ಲಿ 55 ಡಿಗ್ರಿಯಷ್ಟು ಮೇಲೇರಿಸಬೇಕು ಅನ್ನುವುದು ಅದರ ಲೆಕ್ಕ.

ಇಲ್ಲಿ ಪ್ಯಾಡ್ ಪೌಚಿಗೆ ನೇರವಾಗಿ ತಾಗಿಕೊಂಡಿರುತ್ತದೆ. ಹಬೆಯನ್ನು ನಂಬಿ ಕೂರಬೇಕಿಲ್ಲ. ಒಂದು ಕಡೆ ತಣ್ಣಗಿದೆ ಅನ್ನಿಸಿದರೆ ಪೌಚನ್ನು ಬಟ್ಟೆಯಲ್ಲಿ ಹಿಡಿದು ಹಿಸುಕಿ, ತಿರುಗಿಸಿ ಮತ್ತೆ ತೂರಿಸಬಹುದು. ಡಬ್ಬಿಯಲ್ಲಿ ಆಗದೇ ಇದ್ದದ್ದು ಇದೇ ನೋಡಿ. ಹೈಡ್ರೋಜನ್ ಇದರಲ್ಲೂ ಬರುತ್ತದೆ, ವಾಸನೆಯೂ ಇದೆ, ಮುಚ್ಚಿದ ಟೆಂಟಿನಲ್ಲಿ ಬೇಡ. ಎರಡನ್ನೂ ಹಲವು ವಿಮಾನ ಸಂಸ್ಥೆಗಳು ಒಳಗೆ ಬಿಡುವುದಿಲ್ಲ. ರುಚಿ? ಒಳಗೆ ಏನು ಹಾಕಿದ್ದಾರೋ ಅದು.

ಮೈಗೆ ಶಾಖ ಕೊಡುವುದರಲ್ಲಿ ನನ್ನ ಆಯ್ಕೆ ಎರಡಾಗಿ ಒಡೆಯುತ್ತದೆ. ಮನೆಯಲ್ಲಿ ಮಂಡಿಗೆ ಕ್ಲಿಕ್ ಪ್ಯಾಕ್. ಒಳಗೆ ಸೋಡಿಯಂ ಅಸಿಟೇಟಿನ ದ್ರಾವಣ. ಲೋಹದ ಬಿಲ್ಲೆಯನ್ನು ಟಕ್ ಅಂತ ಒತ್ತಿದರೆ ಅಲ್ಲಿಂದ ಬಿಳಿ ಹರಳು ಹಬ್ಬುತ್ತಾ ಹಬ್ಬುತ್ತಾ ಕೆಲವೇ ಸೆಕೆಂಡಿನಲ್ಲಿ ಪ್ಯಾಕ್ ತುಂಬುತ್ತದೆ, ನೋಡಲಿಕ್ಕೇ ಚೆಂದ. ಶಾಖ 58 ಡಿಗ್ರಿ ದಾಟುವುದಿಲ್ಲ, ಯಾಕೆಂದರೆ ಆ ಹರಳು ಕರಗುವ ಮಟ್ಟವೇ ಅದು. ಆದರೂ ತೆಳು ಬಟ್ಟೆ ಸುತ್ತಿಕೊಳ್ಳಿ. ಮತ್ತೆ ಬೇಕೆಂದರೆ ಕುದಿಯುವ ನೀರಿನಲ್ಲಿ ಇಟ್ಟು ಕರಗಿಸುವುದು. ಆಗ ಮೂಲೆಗಳನ್ನು ಬೆಳಕಿಗೆ ಹಿಡಿದು ನೋಡಿ. ಹೊಲಿಗೆಯ ಹತ್ತಿರ ಸಾಸಿವೆಗಿಂತ ಸಣ್ಣ ಹರಳು ಒಂದು ಉಳಿದಿದ್ದರೂ, ಆರುವಾಗ ಪೂರ್ತಿ ಪ್ಯಾಕ್ ತಾನಾಗಿ ಗಟ್ಟಿಯಾಗುತ್ತದೆ. ಮಾಡಿದ್ದೆಲ್ಲಾ ಸುಮ್ನೆ. ಬ್ಯಾಗಿನಲ್ಲಿ ಒತ್ತಿ ತುಂಬಿದರೂ ಬಿಲ್ಲೆ ತಾನೇ ಟಕ್ ಅನ್ನುತ್ತದೆ, ಅದಕ್ಕೇ ಇದು ಪ್ರಯಾಣಕ್ಕೆ ಬರುವುದಿಲ್ಲ.

ಬೆಟ್ಟಕ್ಕೆ ಕಬ್ಬಿಣದ ಪುಡಿಯ ಹ್ಯಾಂಡ್ ವಾರ್ಮರ್. ಗಾಳಿ ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ, ನಿಧಾನವಾಗಿ, ಗಂಟೆಗಟ್ಟಲೆ. ಬೂಟಿನೊಳಗೆ ಗಾಳಿ ಸಾಲದೆ ಸೋಮಾರಿಯಾಗುತ್ತದೆ, ಕೋಟಿನ ಜೇಬಿನಲ್ಲಿ ಚೆನ್ನಾಗಿ ಓಡುತ್ತದೆ. ಬೇಡವಾದಾಗ ಗಾಳಿಯಾಡದ ಜಿಪ್ ಕವರಿಗೆ ಹಾಕಿ ಗಾಳಿ ಹಿಂಡಿಬಿಡಿ, ಉಳಿದದ್ದು ನಾಳೆಗೆ. ಒಂದೇ ಸಲದ್ದು ಅಂತ ಬೇಜಾರು ಮಾಡಿಕೊಳ್ಳುವವರಿಗೆ ಇದು ದೊಡ್ಡ ಉಳಿತಾಯ.

ಕೋಲ್ಡ್ ಪ್ಯಾಕ್ ಬಗ್ಗೆ ಜಾಸ್ತಿ ಇಲ್ಲ. ಗುದ್ದಿದರೆ ಒಳಗಿನ ನೀರಿನ ಚೀಲ ಒಡೆದು, ಯೂರಿಯಾ ಅಥವಾ ಅಮೋನಿಯಂ ನೈಟ್ರೇಟ್ ಕರಗಿ ತಣ್ಣಗಾಗುತ್ತದೆ. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಉಳುಕಿದ ತಕ್ಷಣಕ್ಕೆ ಸರಿ, ಮನೆಯಲ್ಲಿ ಫ್ರೀಜರ್ ಇದ್ದರೆ ಜೆಲ್ ಪ್ಯಾಕ್ ಮುಂದೆ ಇದಕ್ಕೆ ಕೆಲಸವಿಲ್ಲ.

ದಿನಾ ಬಿಸಿ ಊಟ ಬೇಕೆನ್ನುವವರು ಇದ್ಯಾವುದೂ ಬೇಡ, ಒಳ್ಳೆಯ ಫ್ಲಾಸ್ಕ್ ಕೊಳ್ಳಿ, ಒಂದೇ ಸಲದ ಖರ್ಚು. ನನ್ನ ಹಾಗೆ ಆಗೊಮ್ಮೆ ಈಗೊಮ್ಮೆ ಒಲೆಯಿಲ್ಲದ ಕಡೆ ಹೋಗುವವರು ಪ್ಯಾಡನ್ನೇ ಬಿಡಿಬಿಡಿಯಾಗಿ ತಗೊಳ್ಳಿ, ನಿಮಗೆ ಬೇಕಾದ ಪೌಚಿಗೆ ಅದೇ ಸಾಕು. ಕೊಳ್ಳುವಾಗ ಹೊರಕವರಿನ ಅಂಚು ಬಿಟ್ಟಿದೆಯಾ ನೋಡಿ. ತೇವ ಒಳಗೆ ಹೋಗಿದ್ದರೆ ಅದು ಅಂಗಡಿಯಲ್ಲೇ ತನ್ನ ಬಿಸಿ ಕಳೆದುಕೊಂಡಿರುತ್ತದೆ.